ಉಪ್ಪಿನ ಊರಿಗೆ ತೊರೆ ನುಗ್ಗಿದ ಮೇಲೆ

ಯೂರೋಪಿನ ರುಮೇನಿಯಾ ದೇಶದ ಬೆಟ್ಟಸೀಮೆಯಲ್ಲಿ ಪರಾಯ್ದ್ ಎಂಬ ಸಣ್ಣ ಊರಿದೆ. ಶತಮಾನಗಳಿಂದ ಆ ಊರಿನ ಜನ ನೆಲದಡಿಯ ಉಪ್ಪನ್ನು ನಂಬಿ ಬದುಕಿದ್ದಾರೆ. 2025ರ ಮೇ ತಿಂಗಳ ಕೊನೆಯ ವಾರದಲ್ಲಿ ಅಲ್ಲಿ ಜೋರು ಮಳೆ ಸುರಿಯಿತು. ಊರಿನ ಪಕ್ಕದಲ್ಲಿ ಹರಿಯುವ ಕೊರೊಂದ್ ಎಂಬ ತೊರೆ ಉಕ್ಕಿ, ತಳ ಒಡೆದು, ಉಪ್ಪಿನ ಗಣಿಯೊಳಕ್ಕೆ ನುಗ್ಗಿತು. ಕೆಲವೇ ದಿನಗಳಲ್ಲಿ ಗಣಿ ನೀರಿನಿಂದ ತುಂಬಿಹೋಯಿತು. ತೊರೆ ಸೇರುವ ನದಿ ಉಪ್ಪಾಯಿತು. ಅದರ ದಂಡೆಯಲ್ಲಿ ಬಹಳ ಕೆಳಗಿರುವ ಪಟ್ಟಣವೊಂದರ ನಲ್ಲಿ ನೀರು ಕುಡಿಯಲು ಬಾರದಂತಾಯಿತು.

ರೈತ ಬಾಂಧವರೇ, ಇಷ್ಟು ದೂರದ ಊರಿನ ಸುದ್ದಿ ನಮ್ಮ ಕೃಷಿ ಪುಟಕ್ಕೆ ಏಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಪರಾಯ್ದಿನಲ್ಲಿ ಮುಳುಗಿದ್ದು ಒಂದು ಗಣಿ ಮಾತ್ರವಲ್ಲ. ಒಂದೇ ಆದಾಯದ ಸುತ್ತ ಕಟ್ಟಿಕೊಂಡ ಹತ್ತಾರು ಹಳ್ಳಿಗಳ ಬದುಕು ಅದರ ಜೊತೆಗೆ ಮುಳುಗಿತು. ಆ ಆದಾಯದ ಬೀಗದ ಕೈ ಊರಿನವರ ಹತ್ತಿರ ಇರಲಿಲ್ಲ, ತೊರೆಯ ತಳ ಗಟ್ಟಿ ಮಾಡುವ ಅಧಿಕಾರವೂ ಇರಲಿಲ್ಲ. ನಷ್ಟ ಮಾತ್ರ ಪೂರ್ತಿ ಅವರ ಪಾಲಿಗೆ ಬಂತು. ಹೀಗಾದದ್ದು ಹೇಗೆಂದು ವಿವರವಾಗಿ ನೋಡೋಣ.

ಊರು, ಜನ, ಭಾಷೆ

ರುಮೇನಿಯಾದ ನಡುಭಾಗದಲ್ಲಿ, ಕಾರ್ಪೇಥಿಯನ್ ಪರ್ವತಗಳ ಒಳಮಗ್ಗುಲಲ್ಲಿ ಟ್ರಾನ್ಸಿಲ್ವೇನಿಯಾ ಎಂಬ ಪ್ರಾಂತವಿದೆ. ಅದರ ಪೂರ್ವದ ಅಂಚಿನಲ್ಲಿ ಸೇಕೆಯ್ ಎಂಬ ಜನ ವಾಸಿಸುತ್ತಾರೆ. ಇವರ ಮಾತು ಹಂಗೇರಿ ಭಾಷೆ. ದೇಶ ರುಮೇನಿಯಾ, ಸರ್ಕಾರದ ಭಾಷೆ ರುಮೇನಿಯನ್. ಆದರೆ ಸಂತೆಯಲ್ಲಿ, ಚರ್ಚಿನಲ್ಲಿ, ಶಾಲೆಯಲ್ಲಿ, ಕೊಟ್ಟಿಗೆಯಲ್ಲಿ ಹಂಗೇರಿ ಮಾತು. ಪರಾಯ್ದ್ ಇರುವ ಹಾರ್ಗಿತಾ ಜಿಲ್ಲೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಹಂಗೇರಿ ಮಾತಿನವರು. ಪರಾಯ್ದ್ ಆಡಳಿತದ ಲೆಕ್ಕದಲ್ಲಿ ಕೆಲವು ಹಳ್ಳಿಗಳು ಸೇರಿದ ಒಂದು ಗುಂಪು ಪಂಚಾಯಿತಿ. ಸುಮಾರು 6 ಸಾವಿರ ಜನಸಂಖ್ಯೆ. ಅಲ್ಲಿ ಹಂಗೇರಿ ಮಾತಿನವರ ಪ್ರಮಾಣ ನೂರಕ್ಕೆ 90ನ್ನೂ ಮೀರುತ್ತದೆ. ಸರ್ಕಾರಿ ಕಾಗದಗಳಲ್ಲಿ ಊರಿನ ಹೆಸರು ಪ್ರಾಯಿದ್; ಊರವರ ಬಾಯಲ್ಲಿ ಪರಾಯ್ದ್.

ಇದು ಹೇಗಾಯಿತೆಂದರೆ, ಮೊದಲನೆಯ ಮಹಾಯುದ್ಧ ಮುಗಿದ ಮೇಲೆ 1920ರಲ್ಲಿ ಆದ ಒಪ್ಪಂದದಂತೆ ಟ್ರಾನ್ಸಿಲ್ವೇನಿಯಾ ಹಂಗೇರಿಯ ಕೈಬಿಟ್ಟು ರುಮೇನಿಯಾಕ್ಕೆ ಸೇರಿತು. 1940ರಲ್ಲಿ ಉತ್ತರದ ಭಾಗ ಹಂಗೇರಿಗೆ ಹಿಂತಿರುಗಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮತ್ತೆ ರುಮೇನಿಯಾಕ್ಕೆ ಬಂತು. ಒಬ್ಬ ಮುದುಕ ತನ್ನ ಹೊಲ ಬಿಟ್ಟು ಎಲ್ಲಿಗೂ ಹೋಗದೆ, ಜೀವಮಾನದಲ್ಲಿ ಮೂರು ಸಲ ದೇಶ ಬದಲಾಯಿಸಿರಬಹುದು. ಇಂದು ರುಮೇನಿಯಾದಲ್ಲಿ ಹಂಗೇರಿ ಮಾತಿನವರು ಸುಮಾರು 10 ಲಕ್ಷ. 2001ರ ಕಾಯಿದೆಯಂತೆ, ನೂರಕ್ಕೆ 20ಕ್ಕಿಂತ ಹೆಚ್ಚು ಅಲ್ಪಸಂಖ್ಯಾತರಿರುವ ಊರುಗಳಲ್ಲಿ ಪಂಚಾಯಿತಿ ಕಚೇರಿಯಲ್ಲಿ ಅವರ ಭಾಷೆಯಲ್ಲೇ ವ್ಯವಹರಿಸಬಹುದು.

ಪರಾಯ್ದಿಗೆ ಏಳೆಂಟು ಕಿಲೋಮೀಟರ್ ದೂರದಲ್ಲಿ ಸೊವಾತಾ ಎಂಬ ಸಣ್ಣ ಪಟ್ಟಣವಿದೆ. ಸುಮಾರು 10 ಸಾವಿರ ಜನ, ಬಹುಪಾಲು ಹಂಗೇರಿ ಮಾತಿನವರೇ. ಮತ್ತೊಂದು ಕಡೆ ಕೊರೊಂದ್ ಎಂಬ ಹಳ್ಳಿ. ಅಲ್ಲಿನ ಕುಂಬಾರಿಕೆ ದೇಶವಿದೇಶಗಳಲ್ಲಿ ಹೆಸರಾಗಿದೆ. ಗಣಿಗೆ ನುಗ್ಗಿದ ತೊರೆಗೂ ಇದೇ ಹೆಸರು. ಪರಾಯ್ದ್ ಪಂಚಾಯಿತಿಗೆ ಸೇರಿದ ಎರಡು ಹಳ್ಳಿಗಳ ಹೆಸರು ಅಲ್ಶೋ ಶೋಫಲ್ವಾ, ಫೆಲ್ಶೋ ಶೋಫಲ್ವಾ. 'ಶೋ' ಎಂದರೆ ಉಪ್ಪು, 'ಫಲ್ವಾ' ಎಂದರೆ ಹಳ್ಳಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆಳ ಉಪ್ಪಳ್ಳಿ, ಮೇಲು ಉಪ್ಪಳ್ಳಿ. ಇಡೀ ಸೀಮೆಗೇ ಉಪ್ಪುಸೀಮೆ ಎಂಬ ಅರ್ಥದ ಹೆಸರಿದೆ.

ಉಪ್ಪು ಯಾರದು?

ಪರಾಯ್ದಿನ ಕೆಳಗೆ ಎರಡೂವರೆ ಕಿಲೋಮೀಟರಿಗೂ ಮಿಗಿಲಾದ ಆಳದವರೆಗೆ ಉಪ್ಪಿನ ಬಂಡೆ ಇಳಿದುಹೋಗಿದೆ. ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಒಣಗಿದ ಸಮುದ್ರದ ಉಪ್ಪು ಅದು. ಕೆಲವು ಕಡೆ ನೆಲದ ಮೇಲೆಯೇ ಬಿಳಿಯ ಬಂಡೆಯಾಗಿ ಕಾಣುತ್ತದೆ. ಹಳೆಯ ಕಾಲದಲ್ಲಿ ಸೇಕೆಯ್ ಜನ ತಮಗೆ ಬೇಕಾದ ಉಪ್ಪನ್ನು ತಾವೇ ಕಡಿದುಕೊಳ್ಳುವ ಹಕ್ಕು ಪಡೆದಿದ್ದರು. ಗಡಿ ಕಾಯುವ ಸೈನಿಕ ಸೇವೆಗೆ ಪ್ರತಿಯಾಗಿ ಅವರಿಗಿದ್ದ ಸವಲತ್ತುಗಳಲ್ಲಿ ಅದೂ ಒಂದು. 1562ರಲ್ಲಿ ಅವರು ಅರಸನ ವಿರುದ್ಧ ಬಂಡೆದ್ದು ಸೋತರು. ಉಪ್ಪಿನ ಹಕ್ಕು ಹೋಯಿತು. ಉಪ್ಪು ಅರಮನೆಯ ಖಜಾನೆಯ ಸ್ವತ್ತಾಯಿತು. 1762ರಲ್ಲಿ ನೆಲದಡಿಯ ಗಣಿಗಾರಿಕೆ ಆರಂಭವಾಯಿತು. ಅಂದಿನಿಂದ ಅರಸರು ಬದಲಾದರು, ದೇಶ ಬದಲಾಯಿತು, ಕಮ್ಯುನಿಸ್ಟ್ ಆಡಳಿತ ಬಂದು ಹೋಯಿತು. ಉಪ್ಪು ಮಾತ್ರ ಸರ್ಕಾರದ್ದಾಗಿಯೇ ಉಳಿಯಿತು. ಈಗಿನ ಮಾಲೀಕ ಸಾಲ್ರೋಮ್ ಎಂಬ ಸರ್ಕಾರಿ ಉಪ್ಪಿನ ಕಂಪನಿ. ಅದರ ಮುಖ್ಯ ಕಚೇರಿ ರಾಜಧಾನಿ ಬುಖಾರೆಸ್ಟಿನಲ್ಲಿದೆ.

ಜಮೀನಿನ ಕಥೆ ಬೇರೆ. ಕಮ್ಯುನಿಸ್ಟರ ಕಾಲದಲ್ಲಿ, 1949ರಿಂದ 1962ರವರೆಗೆ, ರುಮೇನಿಯಾದ ರೈತರ ಹೊಲಗಳನ್ನು ಸಾಮೂಹಿಕ ಬೇಸಾಯಕ್ಕೆ ಸೇರಿಸಲಾಯಿತು. 1989ರಲ್ಲಿ ಆ ಆಡಳಿತ ಉರುಳಿತು. 1991ರ ಭೂ ಕಾಯಿದೆಯಂತೆ ಹಳೆಯ ಮಾಲೀಕರಿಗೆ ಮತ್ತು ಅವರ ವಾರಸುದಾರರಿಗೆ ಹೊಲ ಹಿಂತಿರುಗಿಸತೊಡಗಿದರು. ಒಂದು ಕುಟುಂಬಕ್ಕೆ ಮೊದಲು 10 ಹೆಕ್ಟೇರ್ ಮಿತಿ ಇತ್ತು. 2000ದ ಕಾಯಿದೆಯಿಂದ ಊರೊಟ್ಟಿನ ಕಾಡು, ಗೋಮಾಳಗಳೂ ಮರಳಿದವು. ಸೇಕೆಯ್ ಹಳ್ಳಿಗಳಲ್ಲಿ ಇವುಗಳನ್ನು ಒಬ್ಬೊಬ್ಬರು ಹಂಚಿಕೊಳ್ಳಲಿಲ್ಲ. ಹಳೆಯ ಪದ್ಧತಿಯಂತೆ ಪಾಲುದಾರರ ಸಂಘ ಕಟ್ಟಿಕೊಂಡು, ಒಟ್ಟಾಗಿ ನೋಡಿಕೊಳ್ಳುತ್ತಾರೆ. ಯಾವ ವರ್ಷ ಎಷ್ಟು ಮರ ಕಡಿಯಬೇಕು, ಯಾರ ಎಷ್ಟು ದನ ಮೇಯಬೇಕು ಎಂಬುದನ್ನು ಸಂಘ ತೀರ್ಮಾನಿಸುತ್ತದೆ.

ಹೀಗಾಗಿ ಅಲ್ಲಿನ ರೈತನಿಗೆ ಹುಲ್ಲುಗಾವಲಿನಲ್ಲಿ ಪಾಲಿದೆ, ಕಾಡಿನಲ್ಲಿ ಪಾಲಿದೆ, ಕಾಲ ಕೆಳಗಿನ ಉಪ್ಪಿನಲ್ಲಿ ಪಾಲಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಹಸು, ಆಲೂಗಡ್ಡೆ, ಆಮೇಲೆ ಪ್ರವಾಸಿ

ಅದು ತಂಪು ಸೀಮೆ. ಚಳಿಗಾಲ ಉದ್ದ. ಕಾಲುವೆ ನೀರಾವರಿಗಿಂತ ಮಳೆ ಮತ್ತು ಹುಲ್ಲು ಮುಖ್ಯ. ಆಲೂಗಡ್ಡೆ, ಮೆಕ್ಕೆಜೋಳ, ಕೋಸು ಬೆಳೆಯುತ್ತಾರೆ. ಹಿತ್ತಲಲ್ಲಿ ಪ್ಲಮ್ ಮರ. ಕೊಟ್ಟಿಗೆಯಲ್ಲಿ ಎರಡೋ ಮೂರೋ ಹಸು. ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಿ ಬಣವೆ ಹಾಕಿದರೆ ಚಳಿಗಾಲ ದಾಟುತ್ತದೆ. 2007ರಲ್ಲಿ ರುಮೇನಿಯಾ ಯೂರೋಪ್ ಒಕ್ಕೂಟ ಸೇರಿತು. ಎಕರೆವಾರು ಸಹಾಯಧನ ಬಂತು. ಅದರ ಜೊತೆಗೆ ಹಾಲಿನ ಗುಣಮಟ್ಟದ ಕಟ್ಟುನಿಟ್ಟಾದ ನಿಯಮಗಳೂ, ದೊಡ್ಡ ದೇಶಗಳ ಅಗ್ಗದ ಹಾಲೂ ಬಂದವು. ಎರಡು ಹಸುವಿನವರಿಗೆ ಪೈಪೋಟಿ ಕಷ್ಟವಾಯಿತು. ಹರೆಯದವರು ಹಂಗೇರಿಗೆ, ಜರ್ಮನಿಗೆ ಕೂಲಿಗೆ ಹೊರಟರು.

ಇಂಥ ಹೊತ್ತಿನಲ್ಲಿ ಊರನ್ನು ಎತ್ತಿ ಹಿಡಿದದ್ದು ಗಣಿಯೇ. ಆದರೆ ಉಪ್ಪು ಕಡಿಯುವ ಕೆಲಸದಿಂದಲ್ಲ. ಗಣಿಯೊಳಗಿನ ಗಾಳಿ ಉಬ್ಬಸ ಮೊದಲಾದ ಉಸಿರಾಟದ ತೊಂದರೆ ಇರುವವರಿಗೆ ಒಳ್ಳೆಯದೆಂಬ ನಂಬಿಕೆಯಿಂದ, 1960ರ ದಶಕದಿಂದಲೇ ಅಲ್ಲಿ ರೋಗಿಗಳನ್ನು ಕೂರಿಸುತ್ತಿದ್ದರು. ಬರಬರುತ್ತಾ ಅದೊಂದು ಪ್ರವಾಸಿ ತಾಣವಾಯಿತು. ಬಸ್ಸಿನಲ್ಲಿ ಗಣಿಯೊಳಕ್ಕೆ ಕರೆದೊಯ್ಯುವ ವ್ಯವಸ್ಥೆ, ಮಕ್ಕಳ ಆಟದ ಜಾಗ, ಉಪ್ಪಿನ ಗೋಡೆಗಳ ನಡುವೆ ಪ್ರಾರ್ಥನಾ ಮಂದಿರ ಎಲ್ಲವೂ ಬಂದವು. ವರ್ಷಕ್ಕೆ ಸುಮಾರು 4 ಲಕ್ಷ ಮಂದಿ ಬರತೊಡಗಿದರು. 6 ಸಾವಿರ ಜನರ ಊರಿಗೆ 4 ಲಕ್ಷ ಅತಿಥಿಗಳು! ಒಂದು ಮನೆಯ ಮೇಲ್ಮಹಡಿ ಬಾಡಿಗೆ ಕೋಣೆಯಾಯಿತು. ಇನ್ನೊಂದು ಮನೆಯ ಹಾಲು ಗಿಣ್ಣಾಗಿ ರಸ್ತೆ ಬದಿಯ ಮೇಜು ಸೇರಿತು. ಕೊರೊಂದಿನ ಮಡಕೆ, ಕುಡಿಕೆ ಇಲ್ಲಿಯೂ ಮಾರಾಟವಾದವು. ಕಡ್ಡಿಗೆ ಹಿಟ್ಟು ಸುತ್ತಿ ಕೆಂಡದ ಮೇಲೆ ಸುಡುವ ಅವರ ಸಿಹಿ ರೊಟ್ಟಿಗೆ ಸಾಲು ನಿಂತಿತು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಕೈಗೆ ಬಂದ ಆದಾಯವನ್ನು ಯಾರು ತಾನೇ ಬೇಡ ಎನ್ನುತ್ತಾರೆ? ಆದರೆ ಲೆಕ್ಕ ನೋಡಿ. ಕೋಣೆಯ ಬಾಡಿಗೆ, ಗಿಣ್ಣಿನ ವ್ಯಾಪಾರ, ಮಡಕೆಯ ಮಾರಾಟ, ಹೋಟೆಲಿನ ಕೂಲಿ, ಇವು ನಾಲ್ಕು ಆದಾಯಗಳಂತೆ ಕಾಣುತ್ತವೆ. ಬುಡದಲ್ಲಿ ನಾಲ್ಕೂ ಒಂದೇ. ಗಣಿಯ ಬಾಗಿಲು ಮುಚ್ಚಿದರೆ ನಾಲ್ಕೂ ನಿಲ್ಲುತ್ತವೆ.

ನೀರು ಉಪ್ಪನ್ನು ತಿನ್ನುವ ಬಗೆ

ಗಣಿಗೆ ನೀರು ಇಳಿದರೆ ಪಂಪು ಹಚ್ಚಿ ಎತ್ತಿ ಹಾಕಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಕಲ್ಲಿದ್ದಲ ಗಣಿಯಲ್ಲಾದರೆ ಆ ದಾರಿ ಇದೆ. ಉಪ್ಪಿನ ಗಣಿಯಲ್ಲಿ ಗೋಡೆಯೂ ಉಪ್ಪು, ಕಂಬವೂ ಉಪ್ಪು, ಸೂರೂ ಉಪ್ಪು. ಬೆಲ್ಲದ ಅಚ್ಚಿನ ಮೇಲೆ ನೀರು ಸುರಿದ ಹಾಗೆ.

ಒಂದು ಲೀಟರ್ ಸಿಹಿನೀರು ಸುಮಾರು 360 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಅದಕ್ಕೆ ಇನ್ನಷ್ಟು ಕರಗಿಸುವ ಶಕ್ತಿ ಇರುವುದಿಲ್ಲ. ಒಂದು ಘನ ಮೀಟರ್ ಉಪ್ಪಿನ ಬಂಡೆ ಸುಮಾರು 2,160 ಕಿಲೋ ತೂಗುತ್ತದೆ. ಎಂದರೆ, ಆರು ಘನ ಮೀಟರ್ ಸಿಹಿನೀರು ಒಂದು ಘನ ಮೀಟರ್ ಬಂಡೆಯನ್ನು ತಿಂದುಹಾಕಬಲ್ಲದು. ಉದಾಹರಣೆಗೆ, ಸೆಕೆಂಡಿಗೆ ಒಂದು ಘನ ಮೀಟರ್ ಹರಿಯುವ ಹಳ್ಳವನ್ನು ತೆಗೆದುಕೊಳ್ಳಿ. ಅದು ಒಂದು ಗಂಟೆ ಉಪ್ಪಿನೊಳಗೆ ಇಳಿದು, ಕರಗಿಸಲು ಬೇಕಾದಷ್ಟು ಹೊತ್ತು ಅಲ್ಲಿ ನಿಂತರೆ, 600 ಘನ ಮೀಟರ್ ಬಂಡೆ ಮಾಯವಾಗುತ್ತದೆ. 10 ಟನ್ನಿನ ಲಾರಿಯ ಲೆಕ್ಕದಲ್ಲಿ ಅದು ಸುಮಾರು 130 ಲಾರಿ ಉಪ್ಪು.

ಇನ್ನೊಂದು ಸಂಗತಿ ಇದೆ. ಗಣಿಯೊಳಗೆ ನಿಂತ ನೀರು ಪೂರ್ತಿ ಉಪ್ಪಾಗಿ ತಣ್ಣಗೆ ನಿಂತರೆ ಗೋಡೆ ಕರಗುವುದು ನಿಲ್ಲುತ್ತದೆ. ಅಪಾಯವಿರುವುದು ಹೊಸ ಸಿಹಿನೀರಿನಲ್ಲಿ. ಮಳೆ ಬಂದಾಗಲೆಲ್ಲ ತೊರೆಯಿಂದ ಹೊಸ ನೀರು ಇಳಿಯುತ್ತಿದ್ದರೆ, ಕರಗುವುದೂ ಹೊಸದಾಗಿ ಮೊದಲಾಗುತ್ತದೆ. ಒಳಗೆ ಪೊಳ್ಳು ಬೆಳೆಯುತ್ತದೆ, ಮೇಲಿನ ನೆಲ ಕುಸಿಯುತ್ತದೆ. ಆದ್ದರಿಂದಲೇ ಅಲ್ಲಿನ ತಜ್ಞರು ಗಣಿಯಿಂದ ನೀರೆತ್ತುವುದಕ್ಕಿಂತ ತೊರೆಯನ್ನೇ ಬೇರೆ ದಾರಿಗೆ ತಿರುಗಿಸುವುದಕ್ಕೆ ಮಹತ್ವ ಕೊಟ್ಟರು.

ಉಪ್ಪು ಮತ್ತು ನೀರು ಸೇರಿದರೆ ಕೇಡೇ ಆಗಬೇಕೆಂದಿಲ್ಲ. ನೆರೆಯ ಸೊವಾತಾ ಪಟ್ಟಣ ಶ್ರೀಮಂತವಾದದ್ದೇ ಅದರಿಂದ. ಅಲ್ಲಿ 1875ರಲ್ಲಿ ಉಪ್ಪಿನ ನೆಲ ಕುಸಿದು, ತೊರೆಗಳ ನೀರು ನಿಂತು, ಕರಡಿ ಕೆರೆ ಎಂಬ ಅರ್ಥದ ಹೆಸರಿನ ಕೆರೆಯೊಂದು ಹುಟ್ಟಿತು. ಅಡಿಯಲ್ಲಿ ಭಾರದ ಉಪ್ಪುನೀರು, ಮೇಲೆ ಹಗುರವಾದ ಸಿಹಿನೀರಿನ ಪದರ. ಬಿಸಿಲಿನ ಶಾಖ ಅಡಿಯ ಉಪ್ಪುನೀರಿಗೆ ಇಳಿದು, ಮೇಲಿನ ಪದರ ಕಂಬಳಿಯಂತೆ ಮುಚ್ಚಿರುವುದರಿಂದ ಅಲ್ಲೇ ಉಳಿಯುತ್ತದೆ. ಬಿಸಿನೀರ ಸ್ನಾನಕ್ಕೆ ಜನ ದೂರದಿಂದ ಬರುತ್ತಾರೆ. ಆ ಕುಸಿತ ಪಟ್ಟಣಕ್ಕೆ ವರವಾಯಿತು. ಸರಿಯಾಗಿ 150 ವರ್ಷಗಳ ಮೇಲೆ ಏಳೆಂಟು ಕಿಲೋಮೀಟರ್ ಆಚೆ ಆದ ಕುಸಿತ ಊರಿನ ಅನ್ನ ಕಿತ್ತುಕೊಂಡಿತು.

ಎಚ್ಚರಿಕೆ ಇರಲಿಲ್ಲವೇ?

ಇತ್ತು. ಗಣಿಯೊಳಗೆ ನೀರು ಜಿನುಗುವುದು 2025ರಲ್ಲಿ ಹೊಸದಾಗಿ ಕಂಡದ್ದಲ್ಲ. ಹಿಂದಿನ ವರ್ಷಗಳಲ್ಲೂ ನೀರು ಇಳಿದಿತ್ತು, ಪಂಪು ಓಡಿತ್ತು. ತೊರೆಯ ತಳಕ್ಕೆ ನೀರು ಇಳಿಯದಂಥ ಹೊದಿಕೆ ಹಾಸಿ ಬಲಪಡಿಸುವ ಕೆಲಸವನ್ನೂ ಹಿಡಿದಿದ್ದರು. ಮೇ ಮೊದಲ ವಾರದಲ್ಲಿ ನೀರು ಹೆಚ್ಚಿದ್ದರಿಂದ ಪ್ರವಾಸಿಗರಿಗೆ ಬಾಗಿಲು ಮುಚ್ಚಿದರು. ಮೇ 27ರ ಸುಮಾರಿಗೆ ಮತ್ತೆ ಮಳೆ ಹೊಯ್ದು ತೊರೆ ಒಳನುಗ್ಗಿತು. ಮೇ 30ರ ಹೊತ್ತಿಗೆ ತೊರೆಯ ತಳವೇ ಕುಸಿದು, ಗಣಿಯನ್ನು ಉಳಿಸಿಕೊಳ್ಳುವ ಆಸೆ ಹೋಯಿತು. ಗಣಿಯ ಮೇಲ್ಭಾಗದಲ್ಲಿದ್ದ ಹತ್ತಾರು ಮನೆಗಳವರನ್ನು ಸ್ಥಳಾಂತರಿಸಿದರು. ಆ ಹೊತ್ತಿಗೆ ಗಣಿಯೊಳಗೆ ಪ್ರವಾಸಿಗರಿರಲಿಲ್ಲ. ಮೊದಲೇ ಬಾಗಿಲು ಮುಚ್ಚಿದ್ದರಿಂದ ಅಷ್ಟಾದರೂ ಒಳ್ಳೆಯದಾಯಿತು.

ಯಾರು ಯಾವ ಕೆಲಸವನ್ನು ತಡ ಮಾಡಿದರು ಎಂಬುದು ಅಲ್ಲಿನ ತನಿಖೆಗೆ ಸೇರಿದ ವಿಷಯ. ತನಿಖೆ ಆರಂಭವಾಯಿತು. ಅದರ ತೀರ್ಪನ್ನು ನಾವು ಮೊದಲೇ ಬರೆಯುವುದು ಸರಿಯಲ್ಲ. ಆದರೆ ವ್ಯವಸ್ಥೆ ಹೇಗಿತ್ತೆಂದು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಗಣಿ ಸರ್ಕಾರಿ ಕಂಪನಿಗೆ ಸೇರಿದ್ದು. ತೊರೆ ಮತ್ತು ನದಿ ನೀರಿನ ಇಲಾಖೆಗೆ ಸೇರಿದ್ದು. ಮನೆ, ಅಂಗಡಿ, ಹೊಲ ಊರಿನವರದು. ಮೂರರ ನಡುವೆ ಜಿನುಗುತ್ತಿದ್ದ ನೀರು ಯಾರದು? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು ಎಂಬ ನಮ್ಮ ಗಾದೆ ಇಂಥ ಸ್ಥಿತಿಗೇ ಹುಟ್ಟಿರಬೇಕು.

ಈಗ ಹಿಂದೆ ಹೇಳಿದ ವ್ಯತ್ಯಾಸಕ್ಕೆ ಬರೋಣ. ಊರೊಟ್ಟಿನ ಕಾಡಿನಲ್ಲಿ ಕೊರಕಲು ಬಿದ್ದರೆ ಪಾಲುದಾರರ ಸಂಘದ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಖರ್ಚು ಹಾಕಿ ಸರಿಪಡಿಸಲು ಅಲ್ಲೇ ತೀರ್ಮಾನಿಸಬಹುದು. ಗಣಿಯ ಮೇಲಿನ ತೊರೆಯಲ್ಲಿ ಬಿರುಕು ಬಿದ್ದರೆ ಊರಿನ ಸಭೆ ಮನವಿ ಬರೆಯಬಹುದು, ಅಷ್ಟೇ. ಲಾಭದಲ್ಲಿ ಪರೋಕ್ಷವಾದ ಪಾಲು, ನಷ್ಟದಲ್ಲಿ ನೇರವಾದ ಪಾಲು, ನಿರ್ಧಾರದಲ್ಲಿ ಪಾಲೇ ಇಲ್ಲ. 1562ರಲ್ಲಿ ಉಪ್ಪು ಊರಿನ ಕೈತಪ್ಪಿದ್ದರ ಫಲವನ್ನು 2025ರಲ್ಲಿ ಉಣ್ಣಬೇಕಾಯಿತೆಂದರೆ ತಪ್ಪಾಗಲಾರದು.

ಕೆಳದಂಡೆಯವರ ಪಾಡು

ಕೊರೊಂದ್ ತೊರೆ ಪರಾಯ್ದಿನಲ್ಲಿ ಚಿಕ್ಕ ತರ್ನಾವಾ ನದಿಯನ್ನು ಸೇರುತ್ತದೆ. ಚಿಕ್ಕ ತರ್ನಾವಾ ಮುಂದೆ ದೊಡ್ಡ ತರ್ನಾವಾ ಜೊತೆಗೂಡಿ ಮುರೆಶ್ ನದಿಗೆ ಬೀಳುತ್ತದೆ. ಮುರೆಶ್ ಗಡಿ ದಾಟಿ ಹಂಗೇರಿಯಲ್ಲಿ ತಿಸಾ ನದಿಯನ್ನೂ, ತಿಸಾ ಮುಂದೆ ಡ್ಯಾನ್ಯೂಬನ್ನೂ ಸೇರುತ್ತವೆ. ಗಣಿಯಿಂದ ಹೊರಬಂದ ಉಪ್ಪು ಈ ದಾರಿ ಹಿಡಿಯಿತು. ಮೀನು ಸತ್ತವು. ಹೊಳೆಯ ನೀರನ್ನು ಕುಡಿಯಲು, ಅಡುಗೆಗೆ, ದನಕರುಗಳಿಗೆ ಬಳಸಬಾರದೆಂದು ದಂಡೆಯ ಹಳ್ಳಿಗಳಿಗೆ ಎಚ್ಚರಿಕೆ ಹೋಯಿತು. ತರ್ನವೇನ್ ಎಂಬ ಪಟ್ಟಣ ಕುಡಿಯುವ ನೀರಿಗೆ ಈ ನದಿಯನ್ನೇ ನಂಬಿತ್ತು. ಅಲ್ಲಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಸಾವಿರಾರು ಮನೆಗಳಿಗೆ ಟ್ಯಾಂಕರ್ ನೀರು, ಬಾಟಲಿ ನೀರು ಹಂಚಬೇಕಾಯಿತು.

ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಮೀರಿದರೆ ನಾಲಿಗೆಗೇ ಉಪ್ಪು ತಿಳಿಯುತ್ತದೆ; ಯೂರೋಪಿನಲ್ಲಿ ಅದೇ ಮಿತಿ. ಉಪ್ಪಿನ ಕಟ್ಟು ನೀರು ಎಷ್ಟು ಕೆಡಿಸಬಲ್ಲದು ಎಂಬುದಕ್ಕೆ ಒಂದು ಸರಳ ಲೆಕ್ಕ: ಲೀಟರಿಗೆ 300 ಗ್ರಾಂ ಉಪ್ಪಿರುವ ಒಂದು ಬಕೆಟ್ ನೀರನ್ನು ಲೀಟರಿಗೆ ಒಂದು ಗ್ರಾಂಗೆ ಇಳಿಸಬೇಕಾದರೆ ಸುಮಾರು 300 ಬಕೆಟ್ ಸಿಹಿನೀರು ಸೇರಿಸಬೇಕು. ಆದ್ದರಿಂದ ಹೊಳೆ ತುಂಬಿ ಹರಿಯುವಾಗ ತೊಂದರೆ ಕಡಿಮೆ ಕಾಣುತ್ತದೆ. ಬೇಸಿಗೆಯಲ್ಲಿ ಹರಿವು ಇಳಿದಾಗ ಅದೇ ಉಪ್ಪು ಹೆಚ್ಚು ಕಾಡುತ್ತದೆ.

ಸವಳು ಭೂಮಿಯನ್ನು ಕಂಡ ನಿಮಗೆ ಬೆಳೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲ ಬೆಳೆಗಳೂ ಒಂದೇ ಸಮನಾಗಿ ಉಪ್ಪು ತಾಳುವುದಿಲ್ಲ. ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆಯನ್ನು ಅಳೆದು ಇದನ್ನು ತಿಳಿಯುತ್ತಾರೆ. ಬೀನ್ಸ್, ಗಜ್ಜರಿ 1 ಡೆಸಿಸೀಮನ್ಸ್ ದಾಟುತ್ತಲೇ ಇಳುವರಿ ಕಳೆದುಕೊಳ್ಳತೊಡಗುತ್ತವೆ. ಈರುಳ್ಳಿಯ ಮಿತಿ 1.2. ಆಲೂಗಡ್ಡೆ, ಮೆಕ್ಕೆಜೋಳ 1.7ರವರೆಗೆ ತಡೆಯುತ್ತವೆ. ಗೋಧಿ 6ರವರೆಗೆ, ಬಾರ್ಲಿ 8ರವರೆಗೆ ಸಹಿಸುತ್ತವೆ. ಚಿಕ್ಕ ತರ್ನಾವಾ ದಂಡೆಯ ಹಿತ್ತಲುಗಳಲ್ಲಿ ಹೆಚ್ಚಾಗಿ ಬೆಳೆಯುವುದು ಉಪ್ಪು ತಾಳದ ತರಕಾರಿಗಳೇ. ಬಕೆಟಿನಲ್ಲಿ ಹೊಳೆ ನೀರು ತಂದು ಹಾಕುವ ಮುದುಕಿಗೆ ಈ ಅಂಕಿಗಳು ಗೊತ್ತಿರುವುದಿಲ್ಲ. ಎಲೆಯ ಅಂಚು ಸುಟ್ಟಂತಾದಾಗ ಗೊತ್ತಾಗುತ್ತದೆ.

ಉಪ್ಪು ನೀರಿನ ಇನ್ನೊಂದು ಕೇಡು ನಿಧಾನವಾಗಿ ಬರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಜೇಡಿಮಣ್ಣಿಗೆ ಹತ್ತಿಕೊಂಡರೆ ಮಣ್ಣಿನ ಹರಳು ಒಡೆದು, ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು ಆಗುತ್ತದೆ. ಮಳೆ ಧಾರಾಳವಾಗಿದ್ದು ಬಸಿಗಾಲುವೆ ಚೆನ್ನಾಗಿದ್ದರೆ ಉಪ್ಪು ತೊಳೆದು ಹೋಗುತ್ತದೆ. ಸೋಡಿಯಂ ಹೆಚ್ಚಾದ ಕಡೆ ಜಿಪ್ಸಂ ಹಾಕಿ, ಒಳ್ಳೆಯ ನೀರು ನಿಲ್ಲಿಸಿ ಬಸಿಯಬೇಕು. ಆ ಸೀಮೆಯಲ್ಲಿ ಮಳೆ, ಹಿಮ ಎರಡೂ ಇರುವುದು ಅವರ ಪುಣ್ಯ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ. ಇಲ್ಲಿ ಉಪ್ಪಿನ ಲಾಭ ತಿಂದವರು ಒಬ್ಬರು, ಉಪ್ಪು ನೀರು ಕುಡಿಯಬೇಕಾಗಿ ಬಂದವರು ಇನ್ನೊಬ್ಬರು.

ಭಾಷೆಯ ರಾಜಕೀಯ ಎಲ್ಲಿಗೆ ಬಂತು?

ಗಣಿ ಮುಳುಗಿದ ತಿಂಗಳಲ್ಲೇ ರುಮೇನಿಯಾದಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆ ನಡೆದಿತ್ತು. 2025ರ ಮೇ 18ರ ಕೊನೆಯ ಸುತ್ತಿನಲ್ಲಿ ಬುಖಾರೆಸ್ಟಿನ ಮೇಯರ್ ಆಗಿದ್ದ ನಿಕುಶೋರ್ ದಾನ್, ಕಟು ರಾಷ್ಟ್ರೀಯವಾದಿ ಎನಿಸಿದ ಜಾರ್ಜೆ ಸಿಮಿಯೋನ್ ಅವರನ್ನು ಸೋಲಿಸಿದರು. ಆ ಚುನಾವಣೆಯಲ್ಲಿ ಹಂಗೇರಿಯ ಪ್ರಧಾನಿಯಾಗಿದ್ದ ವಿಕ್ಟರ್ ಓರ್ಬಾನ್ ಆಡಿದ ಮಾತು ಸಿಮಿಯೋನ್ ಪರವೆಂದು ಹಲವರಿಗೆ ತೋರಿತ್ತು. ಆದರೆ ಟ್ರಾನ್ಸಿಲ್ವೇನಿಯಾದ ಹಂಗೇರಿ ಮಾತಿನ ಮತದಾರರು ತಮ್ಮ ಊರಿನ ಹಿತ ನೋಡಿಕೊಂಡರು. ಹಾರ್ಗಿತಾ ಜಿಲ್ಲೆಯಲ್ಲಿ ನೂರಕ್ಕೆ 90ರಷ್ಟು ಮತ ದಾನ್ ಅವರಿಗೆ ಬಿತ್ತು.

ಕೆಲವೇ ದಿನಗಳಲ್ಲಿ ಗಣಿ ಮುಳುಗಿತು. ಹೊಸ ಅಧ್ಯಕ್ಷರು ಸ್ಥಳಕ್ಕೆ ಬಂದು ನೋಡಿದರು. ರುಮೇನಿಯಾ ಸರ್ಕಾರ ಗಣಿ ನೌಕರರಿಗೂ ವ್ಯಾಪಾರ ನಿಂತವರಿಗೂ ನೆರವು ಘೋಷಿಸಿತು. ಹಂಗೇರಿ ಸರ್ಕಾರವೂ ನೆರವು ನೀಡಲು ಮುಂದೆ ಬಂತು. ಎರಡು ಕಡೆಯಿಂದ ಬಂದ ಸಹಾಯ ಒಳ್ಳೆಯದೇ. ಆದರೂ ಕಷ್ಟದಲ್ಲಿರುವ ಊರಿನ ಮೇಲೆ ಎರಡು ಬಾವುಟ ಹಾರಿದಾಗ, ಯಾರು ಹೆಚ್ಚು ಕೊಟ್ಟರೆಂಬ ಮಾತಿನಲ್ಲಿ ಮುಖ್ಯ ಪ್ರಶ್ನೆ ಮರೆಯಾಗುವ ಅಪಾಯವಿದೆ.

ಮುಖ್ಯ ಪ್ರಶ್ನೆಗೆ ಭಾಷೆ ಇಲ್ಲ. ಗಣಿಯ ಊರು ಹಂಗೇರಿ ಮಾತಿನದು. ನಲ್ಲಿ ನೀರು ಕೆಟ್ಟ ತರ್ನವೇನ್ ಪಟ್ಟಣದಲ್ಲಿ ಬಹುಸಂಖ್ಯಾತರು ರುಮೇನಿಯನ್ ಮಾತಿನವರು. ಇದು ಅಲ್ಪಸಂಖ್ಯಾತರಿಗೆ ಮಾಡಿದ ಅನ್ಯಾಯ ಎಂದಷ್ಟೇ ಒಬ್ಬರು ಹೇಳಿದರೆ ಕೆಳದಂಡೆಯವರು ಹೊರಗುಳಿಯುತ್ತಾರೆ. ಇದು ಅವರ ಊರಿನ ತೊಂದರೆ, ನಮಗೇನು ಎಂದು ಇನ್ನೊಬ್ಬರು ಕೈತೊಳೆದರೆ ಅವರ ನಲ್ಲಿಯಲ್ಲೇ ಉಪ್ಪು ಬರುತ್ತದೆ. ಮೇಲ್ದಂಡೆ, ಕೆಳದಂಡೆಯವರು ಒಟ್ಟಿಗೆ ಕೂತು ತೊರೆಯ ನಿರ್ವಹಣೆಯಲ್ಲಿ ಪಾಲು ಕೇಳಿದರೆ ಮಾತ್ರ ಇಬ್ಬರಿಗೂ ಉಳಿವಿದೆ. ಅಲ್ಪಸಂಖ್ಯಾತರ ಭಾಷೆಯ ಹಕ್ಕು ಕಚೇರಿಯ ಬಾಗಿಲವರೆಗೆ ಬಂದಿದೆ. ಗಣಿ, ತೊರೆಗಳ ನಿರ್ಧಾರದವರೆಗೆ ಊರಿನ ಹಕ್ಕು ಹೋಗಿಲ್ಲ.

ಇನ್ನು ಮುಂದೆ

2025ರ ಬೇಸಿಗೆಯಲ್ಲೇ ತೊರೆಯ ನೀರನ್ನು ಗಣಿಯ ಭಾಗ ತಪ್ಪಿಸಿ ಕೊಳವೆಗಳಲ್ಲಿ ಸಾಗಿಸುವ ಕೆಲಸ ಕೈಗೆತ್ತಿಕೊಂಡರು. ಅದೇ ಉಪ್ಪಿನ ಬಂಡೆಯ ಬೇರೆ ಭಾಗದಲ್ಲಿ ಹೊಸ ಗಣಿ ತೆರೆಯುವ ಮಾತೂ ಬಂದಿದೆ. ಹೊಸ ಗಣಿ ಎಂದರೆ ವರ್ಷಗಳ ಕೆಲಸ. ಅಷ್ಟರವರೆಗೆ ಕೋಣೆ ಬಾಡಿಗೆಗೆ ಸಾಲ ಮಾಡಿ ಮಹಡಿ ಕಟ್ಟಿದವನ ಕಂತು ನಿಲ್ಲುವುದಿಲ್ಲ. ಊರಿನಲ್ಲಿ ಹುಲ್ಲುಗಾವಲು ಇದೆ, ಕಾಡು ಇದೆ, ಗಿಣ್ಣು ಮಾಡುವ ಕೈ ಇದೆ, ಪಕ್ಕದಲ್ಲಿ ಸೊವಾತಾದ ಸ್ನಾನದ ಕೆರೆಗಳಿವೆ. ಹಸುವನ್ನು ಪೂರ್ತಿ ಮಾರಿ ಬಾಡಿಗೆಯನ್ನೇ ನಂಬಿದವನಿಗಿಂತ, ಕೊಟ್ಟಿಗೆಯನ್ನು ಉಳಿಸಿಕೊಂಡೇ ಕೋಣೆ ಕೊಟ್ಟವನು ಈ ಕಾಲವನ್ನು ಸುಲಭವಾಗಿ ದಾಟಬಲ್ಲ. ಊರೊಟ್ಟಿನ ಆಸ್ತಿಯ ಬೆಲೆಯೂ ಇಂಥ ಹೊತ್ತಿನಲ್ಲೇ ತಿಳಿಯುವುದು. ಆ ಕಾಡನ್ನು ಬುಖಾರೆಸ್ಟಿನ ಕಚೇರಿ ಮುಚ್ಚಲಾರದು.

ರೈತ ಬಾಂಧವರೇ, ವಾಚನಾಲಯದಲ್ಲಿ ಈ ಪುಟ ಓದಿ ಮುಗಿಸಿದ ಮೇಲೆ ನಿಮ್ಮ ಊರಿನ ಬಗ್ಗೆ ಮೂರು ಪ್ರಶ್ನೆಗಳನ್ನು ನಿಮ್ಮೊಳಗೇ ಚರ್ಚಿಸಿ. ಒಂದು, ನಿಮ್ಮ ಮನೆಗೆ ಬರುವ ನಾಲ್ಕು ಆದಾಯಗಳು ನಿಜವಾಗಿ ನಾಲ್ಕೋ, ಅಥವಾ ಒಂದೇ ಬೇರಿನ ನಾಲ್ಕು ಕೊಂಬೆಗಳೋ? ಎರಡು, ಆ ಬೇರು ಯಾರ ಕೈಯಲ್ಲಿದೆ. ಅದರ ವಿಷಯದಲ್ಲಿ ಊರಿನ ಮಾತಿಗೆ ಜಾಗ ಇದೆಯೇ? ಮೂರು, ಊರಿನ ಹಳ್ಳ, ಕೆರೆ ಏರಿ, ತೂಬುಗಳಲ್ಲಿ ಎಲ್ಲಿ ನೀರು ಜಿನುಗುತ್ತಿದೆ. ಅದನ್ನು ಮುಚ್ಚುವ ಹೊಣೆ ಯಾರದೆಂದು ಕಾಗದದಲ್ಲಿ ಬರೆದಿದೆಯೇ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಕೇಳಿ ನಡಾವಳಿಯಲ್ಲಿ ಬರೆಸಿ. ಜಿನುಗು ಸಣ್ಣದಾಗಿರುವಾಗ ಒಂದು ಗಾಡಿ ಜೇಡಿಮಣ್ಣು ಸಾಕು.